12 ಮೀಟರ್ ತಾನೇ, ಕಾರ್ಡ್ ಇಲ್ಲದೆ ನೈಟ್ರಾಕ್ಸ್ ಉಸಿರಾಡಬಹುದಾ?

ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಮೊದಲ ಸಲ ಸ್ಕೂಬಾ ಡೈವಿಂಗ್‌ಗೆ ನೀರಿಗಿಳಿದು, ರುಚಿ ಹತ್ತಿ, ಆಮೇಲೆ ಡೈವಿಂಗ್‌ನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದವರಿಗೆ ಈ ಪ್ರಶ್ನೆ ಒಂದಲ್ಲ ಒಂದು ದಿನ ಬರುತ್ತದೆ. ದೋಣಿಯಲ್ಲಿ ಮಾಮೂಲಿ ಗಾಳಿಯ ಸಿಲಿಂಡರ್ ಮುಗಿದಿದೆ. ನೈಟ್ರಾಕ್ಸ್ ತುಂಬಿದ್ದು ಒಂದು ಉಳಿದಿದೆ. ಅದರ ಕೋರ್ಸ್ ಮುಗಿಸಿದವರಿಗೆ ಸಿಗುವ ಕಾರ್ಡ್ ನಿಮ್ಮಲ್ಲಿಲ್ಲ. ಬರೀ 12 ಮೀಟರ್ ಅಲ್ವಾ, ಏನಾಗುತ್ತೆ? ನಾನೂ ಹಾಗೇ ಕೇಳಿದ್ದೆ. ಆಮೇಲೆ ನೈಟ್ರಾಕ್ಸ್ ಕೋರ್ಸ್‌ಗೆ ಓದುವಾಗ ಹಾಕಿದ ಲೆಕ್ಕಗಳು ಇವು.

ನೈಟ್ರಾಕ್ಸ್ ಅಥವಾ ಎನ್ರಿಚ್ಡ್ ಏರ್ ಅಂದರೆ ಆಕ್ಸಿಜನ್ ಜಾಸ್ತಿ ಬೆರೆಸಿದ ಗಾಳಿ. ಮಾಮೂಲಿ ಗಾಳಿಯಲ್ಲಿ ಆಕ್ಸಿಜನ್ ಶೇ. 21, ಉಳಿದ 79 ಹೆಚ್ಚುಕಡಿಮೆ ನೈಟ್ರೋಜನ್. ನೈಟ್ರಾಕ್ಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವುದು ಶೇ. 32 ಮತ್ತು 36. ಇದರಲ್ಲಿ 32ರ ಮಿಶ್ರಣ 1979ರಲ್ಲಿ ಅಮೆರಿಕದ ಸರ್ಕಾರಿ ಸಾಗರ ಮತ್ತು ಹವಾಮಾನ ಸಂಸ್ಥೆ ನೋವಾದ (NOAA) ಡೈವಿಂಗ್ ಕೈಪಿಡಿಗೆ ಸೇರಿತು. (ಹೆಸರು ಹಾಗಿದೆ ಅಷ್ಟೇ, ನೋವಿಗೂ ಅದಕ್ಕೂ ಸಂಬಂಧವಿಲ್ಲ.)

ಈಗ ಆಕ್ಸಿಜನ್ ಲೆಕ್ಕ. ಸಮುದ್ರದಲ್ಲಿ ಪ್ರತಿ 10 ಮೀಟರ್‌ಗೆ ಒತ್ತಡ ಸುಮಾರು 1 ಬಾರ್ ಏರುತ್ತದೆ. ಮೇಲಿನ ಗಾಳಿಯ 1 ಬಾರ್ ಸೇರಿಸಿದರೆ 12 ಮೀಟರ್‌ನಲ್ಲಿ 2.2 ಬಾರ್. ಅದನ್ನು 0.32ರಿಂದ ಗುಣಿಸಿ: 0.70 ಬಾರ್ ಆಕ್ಸಿಜನ್. ಆಕ್ಸಿಜನ್ನೇ ವಿಷವಾಗದಂತೆ ನಮಗೆ ಹೇಳಿಕೊಡುವ ಮಿತಿ 1.4 ಬಾರ್. 1.6 ಅಂದರೆ ಕಟ್ಟಕಡೆಯ ಅಂಚು. 1.4 ಮುಟ್ಟುವ ಆಳಕ್ಕೆ ಎಂಒಡಿ, ಅಂದರೆ ಇಳಿಯಬಹುದಾದ ಗರಿಷ್ಠ ಆಳ, ಅನ್ನುತ್ತಾರೆ. 32ಕ್ಕೆ ಅದು 33 ಮೀಟರ್, 36ಕ್ಕೆ 28. ಹಾಗಾದರೆ ಕಾಗದದ ಮೇಲೆ 12 ಮೀಟರ್ ಆರಾಮ. ಬಹಳ ಜನರ ಲೆಕ್ಕ ಇಲ್ಲಿಗೇ ನಿಂತುಬಿಡುತ್ತದೆ.

ಆದರೆ ಲಾಭ ಏನು ಅಂತ ಕೇಳಿ ನೋಡಿ. ನೈಟ್ರಾಕ್ಸ್‌ನ ಕೆಲಸ ಒಂದೇ: ಮೈಗೆ ಸೇರುವ ನೈಟ್ರೋಜನ್ ಕಡಿಮೆ ಮಾಡುವುದು. ಅದರಿಂದ ಬೆಂಡ್ಸ್ (ಮೇಲೆ ಬರುವಾಗ ಮೈಯಲ್ಲಿನ ನೈಟ್ರೋಜನ್ ಗುಳ್ಳೆಯಾಗಿ ಬರುವ ಕಾಯಿಲೆ) ಬರದಂತೆ ತಳದಲ್ಲಿ ಇರಬಹುದಾದ ಸಮಯ ಹೆಚ್ಚುತ್ತದೆ. ಡೈವಿಂಗ್ ಕಲಿಸುವ ಸಂಸ್ಥೆ ಪ್ಯಾಡಿಯ (PADI) ಪಟ್ಟಿಯಲ್ಲಿ 18 ಮೀಟರ್‌ಗೆ ಗಾಳಿಯಲ್ಲಿ 56 ನಿಮಿಷ, 32ರಲ್ಲಿ 95. ದೊಡ್ಡ ವ್ಯತ್ಯಾಸವೇ. ಆದರೆ 12 ಮೀಟರ್‌ಗೆ ಮಾಮೂಲಿ ಗಾಳಿಯಲ್ಲೇ 147 ನಿಮಿಷ ಸಿಗುತ್ತದೆ. ನಿಮ್ಮ ಸಿಲಿಂಡರ್ ಅಷ್ಟು ಹೊತ್ತು ಬರುತ್ತದಾ? 12 ಲೀಟರ್ ಸಿಲಿಂಡರ್, 200 ಬಾರ್, ಒಟ್ಟು 2400 ಲೀಟರ್. 50 ಬಾರ್ ಮೀಸಲಿಟ್ಟರೆ ಉಳಿದದ್ದು 1800. ಮೇಲೆ ನಿಮಿಷಕ್ಕೆ 20 ಲೀಟರ್ ಎಳೆಯುವವರು 12 ಮೀಟರ್‌ನಲ್ಲಿ 44 ಲೀಟರ್ ಎಳೆಯುತ್ತಾರೆ. 41 ನಿಮಿಷಕ್ಕೆ ಕಥೆ ಮುಗಿಯಿತು. ನೈಟ್ರಾಕ್ಸ್ ತುಂಬಿದರೆ ಸಿಲಿಂಡರ್ ಜಾಸ್ತಿ ಹೊತ್ತು ಬರುತ್ತದೆ ಅನ್ನುವುದು ಸುಳ್ಳು. ಅಂದರೆ ಒಂದೇ ಒಂದು ಕಡಿಮೆ ಆಳದ ಡೈವ್‌ನಲ್ಲಿ ಅದರಿಂದ ಸಿಗುವುದು ಹೆಚ್ಚುಕಡಿಮೆ ಸೊನ್ನೆ.

ಇನ್ನು ಅಪಾಯ. 0.70 ಅನ್ನುವ ಉತ್ತರ ಎರಡು ಮಾತನ್ನು ಸುಮ್ನೆ ನಂಬಿದೆ: ಒಳಗೆ 32 ಇದೆ, ನೀವು 12ರಲ್ಲೇ ಇರುತ್ತೀರಿ. ಕೈಯಿಂದ ಜಾರಿದ ಕ್ಯಾಮೆರಾ ಹಿಡಿಯಲು ಕೆಳಗಿಳಿದರೆ ಎರಡನೆಯದು ಹೋಯಿತು. ಮೊದಲನೆಯದು ಇನ್ನೂ ಕೆಟ್ಟದ್ದು, ಯಾಕೆಂದರೆ ಆಕ್ಸಿಜನ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬಹಳ ಆಳಕ್ಕೆ ಇಳಿಯುವ ಟೆಕ್ನಿಕಲ್ ಡೈವರ್‌ಗಳು ಮೇಲೆ ಬರುವಾಗ ಉಸಿರಾಡಲು ಶೇ. 50, 80, ಕೆಲವೊಮ್ಮೆ 100ರ ಸಿಲಿಂಡರ್ ಒಯ್ಯುತ್ತಾರೆ. ಅಂಥದ್ದೊಂದು ಅದಲುಬದಲಾಗಿ ನಿಮ್ಮ ಕೈಗೆ ಬಂತು ಅನ್ನಿ. 80ಕ್ಕೆ 12 ಮೀಟರ್‌ನಲ್ಲಿ ಲೆಕ್ಕ ಹಾಕಿ: 1.76 ಬಾರ್. ಕಟ್ಟಕಡೆಯ ಅಂಚನ್ನೂ ದಾಟಿದಿರಿ, ಅದೂ ‘ಬರೀ 12 ಮೀಟರ್’ನಲ್ಲಿ.

ಒತ್ತಡದ ಆಕ್ಸಿಜನ್ ಫಿಟ್ಸ್ ತರಿಸುತ್ತದೆ ಅಂತ ಫ್ರಾನ್ಸ್‌ನ ವಿಜ್ಞಾನಿ ಪಾಲ್ ಬರ್ಟ್ 1878ರಲ್ಲೇ ಬರೆದಿದ್ದ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ವೈದ್ಯ ಕೆನೆತ್ ಡೊನಾಲ್ಡ್ ಡೈವರ್‌ಗಳ ಮೇಲೆ ಪರೀಕ್ಷೆ ಮಾಡಿದರು. ಅವರಿಗೆ ಕಂಡದ್ದು ನನಗೆ ಇಡೀ ಪಾಠದಲ್ಲೇ ಮುಖ್ಯ ಅನ್ನಿಸಿತು. ಆಕ್ಸಿಜನ್ ತಡೆದುಕೊಳ್ಳುವ ಶಕ್ತಿ ಒಬ್ಬರಿಂದ ಒಬ್ಬರಿಗೆ ಮಾತ್ರವಲ್ಲ, ಒಬ್ಬನೇ ಮನುಷ್ಯನಲ್ಲಿ ದಿನದಿಂದ ದಿನಕ್ಕೂ ಬದಲಾಗುತ್ತದೆ. ಹಾಗಾಗಿ ‘ಹೋದ ಸಲ ಏನೂ ಆಗಲಿಲ್ಲ’ ಅನ್ನುವ ಮಾತಿಗೆ ಇಲ್ಲಿ ಬೆಲೆಯಿಲ್ಲ. ಫಿಟ್ಸ್ ಎಷ್ಟೋ ಸಲ ಮುನ್ಸೂಚನೆ ಕೊಡದೆ ಬರುತ್ತದೆ. ನೀರಿನಡಿ ಬಾಯಿಂದ ರೆಗ್ಯುಲೇಟರ್ (ಸಿಲಿಂಡರ್‌ನಿಂದ ಉಸಿರೆಳೆಯುವ ಸಾಧನ) ಬಿದ್ದರೆ ಸಾವು ಬರುವುದು ಮುಳುಗಿ.

ಹಾಗಾದರೆ ಕೋರ್ಸ್ ಕಲಿಸುವುದೇನು? ಸೂತ್ರ ಹತ್ತು ನಿಮಿಷದ ಪಾಠ. ಉಳಿದದ್ದೆಲ್ಲ ಅಭ್ಯಾಸ. ಆಕ್ಸಿಜನ್ ಶೇಕಡಾ ಅಳೆಯುವ ಅನಲೈಸರ್ ಅನ್ನು ಮೊದಲು ಬರೀ ಗಾಳಿಗೆ ಹಿಡಿದು 20.9ಕ್ಕೆ ಹೊಂದಿಸಿಕೊಳ್ಳಬೇಕು. ಆಮೇಲೆ ಸಿಲಿಂಡರನ್ನು ನೀವೇ ಅಳೆಯಬೇಕು, ಬೇರೆಯವರು ಅಳೆದು ಹೇಳಿದ್ದು ಲೆಕ್ಕಕ್ಕಿಲ್ಲ. ಟೇಪ್ ಅಂಟಿಸಿ ಶೇಕಡಾ, ಎಂಒಡಿ, ತಾರೀಖು, ಹೆಸರು ಬರೆಯಬೇಕು. ನೀರಿನಡಿ ಆಳ, ಸಮಯ, ನೈಟ್ರೋಜನ್ ಲೆಕ್ಕ ಇಡುವ ಡೈವ್ ಕಂಪ್ಯೂಟರ್‌ಗೂ ಅದೇ ಶೇಕಡಾ ಕೊಡಬೇಕು. ಕಂಪ್ಯೂಟರ್‌ನಲ್ಲಿ 32 ಇದ್ದು ಒಳಗಿರುವುದು ಗಾಳಿಯಾದರೆ ನೈಟ್ರೋಜನ್ ಲೆಕ್ಕ ಕಡಿಮೆ ಬಿದ್ದು ಬೆಂಡ್ಸ್ ಕಡೆಗೆ ಹೋಗುತ್ತೀರಿ. 21 ಇಟ್ಟು 32 ಉಸಿರಾಡಿದರೆ ನೈಟ್ರೋಜನ್ ವಿಷಯದಲ್ಲಿ ಪರವಾಗಿಲ್ಲ. ಆದರೆ ಆಕ್ಸಿಜನ್ ಮಿತಿ ದಾಟಿದಾಗ ಅದು ಎಚ್ಚರಿಸುವುದಿಲ್ಲ.

ಇದನ್ನೆಲ್ಲ ಸಾಮಾನ್ಯವಾಗಿ ಒಂದೇ ದಿನದಲ್ಲಿ ಕಲಿಸುತ್ತಾರೆ. ಅಲ್ಲಿಯವರೆಗೆ ನನ್ನ ಸಲಹೆ: ಗಾಳಿ ಕೇಳಿ. ಇಲ್ಲ ಅಂದರೆ ಆ ಡೈವ್ ಬಿಟ್ಟು ದೋಣಿಯಲ್ಲಿ ಚಹಾ ಕುಡಿಯಿರಿ.

ನಾನು ಮೊದಲ ಸಲ ಅಳೆದ ಸಿಲಿಂಡರ್ ಮೇಲೆ 32 ಅಂತ ಬರೆದಿತ್ತು. ಅನಲೈಸರ್ ತೋರಿಸಿದ್ದು 34.1. ಇನ್ನೊಮ್ಮೆ ಅಳೆದೆ, ಅದೇ ಬಂತು. ಟೇಪಿನ ಮೇಲೆ ಎಂಒಡಿ 33 ಅಂತ ಇದ್ದದ್ದನ್ನು ಹೊಡೆದು 31 ಬರೆದೆ.