ಬಿ.ಆರ್ಕ್ ಸೇರಬೇಕೋ, ಸಿವಿಲ್ ಸೇರಬೇಕೋ? ಕಟ್ಟುವ ಕೆಲಸವನ್ನೇ ಓದಬೇಕೆನ್ನುವವರಿಗೆ

ಓದುಗರ ಪ್ರಶ್ನೆ: ನಾನು ಮುಧೋಳದವಳು. ಪಿಯುಸಿ ಸೈನ್ಸ್ ಮುಗಿದಿದೆ. ಚೆಂದದ ಮನೆ ಬಿಡಿಸುವುದಕ್ಕಿಂತ, ಬಿಡಿಸಿದ್ದು ಕಟ್ಟಡವಾಗಿ ನಿಲ್ಲುವುದು ಹೇಗೆ ಅನ್ನುವುದರಲ್ಲಿ ನನಗೆ ಆಸಕ್ತಿ. ಇಂಗ್ಲೆಂಡಿನಲ್ಲಿ ಆರ್ಕಿಟೆಕ್ಚರಲ್ ಟೆಕ್ನಾಲಜಿ, ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಎಂದೇ ಪದವಿಗಳಿವೆಯಂತೆ. ನಮ್ಮ ಕಡೆ ಇದನ್ನು ಓದಬೇಕೆಂದರೆ ಬಿ.ಆರ್ಕ್ ಸೇರಬೇಕೋ, ಸಿವಿಲ್ ಸೇರಬೇಕೋ?

ಉತ್ತರ: ನಿಮ್ಮ ಆಸಕ್ತಿ ನೀವು ಬರೆದ ಹಾಗೆಯೇ ಇದ್ದರೆ ಸಿವಿಲ್ ಸೇರಿ. ಆದರೆ ಬಿ.ಆರ್ಕ್‌ನವರು ವರ್ಷಗಟ್ಟಲೆ ಕಲಿಯುವ ವರ್ಕಿಂಗ್ ಡ್ರಾಯಿಂಗ್ (ಸೈಟಿನಲ್ಲಿ ನೋಡಿ ಕಟ್ಟುವ ಅಳತೆಯ ನಕ್ಷೆ) ಎಂಬ ಒಂದು ಕೌಶಲವನ್ನು ನೀವೇ ಪಟ್ಟು ಹಿಡಿದು ಕಲಿಯಬೇಕಾಗುತ್ತದೆ. ನೀವು ಹೇಳುವ ವಿದ್ಯೆಯಲ್ಲಿ ಮೂರು ಕೆಲಸಗಳಿವೆ: ಭಾಗಗಳು ಒಂದಕ್ಕೊಂದು ಹೇಗೆ ಕೂಡುತ್ತವೆಂದು ಬಿಡಿಸುವುದು, ಎಷ್ಟು ಸಾಮಾನು ಬೇಕೆಂದು ಅಳೆಯುವುದು, ಯಾವುದು ಯಾವಾಗ ಆಗಬೇಕೆಂದು ಜೋಡಿಸುವುದು. ನಮ್ಮಲ್ಲಿ ಈ ಮೂರೂ ಬೇರೆ ಬೇರೆ ಕೋರ್ಸ್‌ಗಳಲ್ಲಿ ಚದುರಿಹೋಗಿವೆ. ಸಿವಿಲ್‌ನಲ್ಲಿ ಕಾಂಕ್ರೀಟ್, ಕ್ವಾಂಟಿಟಿ ಸರ್ವೇ, ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಸಿಗುತ್ತವೆ, ಡೀಟೇಲ್ ಡ್ರಾಯಿಂಗ್ ಕಡಿಮೆ. ಬಿ.ಆರ್ಕ್‌ನಲ್ಲಿ ಕಟ್ಟಡ ಸಾಮಗ್ರಿ ಮತ್ತು ಕಟ್ಟುವ ವಿಧಾನದ ವಿಷಯ ಹಲವು ಸೆಮಿಸ್ಟರ್ ನಡೆಯುತ್ತದೆ, ಜೊತೆಗೆ ವರ್ಕಿಂಗ್ ಡ್ರಾಯಿಂಗ್ ಇರುತ್ತದೆ. ಆದರೆ ಹೆಚ್ಚಿನ ಹೊತ್ತು ಡಿಸೈನ್ ಸ್ಟುಡಿಯೊಗೇ ಹೋಗುತ್ತದೆ.

ಸೇರುವ ದಾರಿಯ ಮಾತು ಮೊದಲು ಮುಗಿಸೋಣ, ಏಕೆಂದರೆ ಇಲ್ಲಿ ತಪ್ಪಿದರೆ ಒಂದು ವರ್ಷವೇ ಹೋಗುತ್ತದೆ. ಸಿವಿಲ್ ನಾಲ್ಕು ವರ್ಷದ್ದು, ಕೆಸಿಇಟಿ ಬರೆದು ಸೇರುವುದು. ಬಿ.ಆರ್ಕ್ ಐದು ವರ್ಷದ್ದು. ಅದಕ್ಕೆ ಕೆಸಿಇಟಿ ರ‍್ಯಾಂಕ್ ಬರುವುದಿಲ್ಲ, ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನಡೆಸುವ ನಾಟಾ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ನಾಟಾ ಅಂಕ ಮತ್ತು ಪಿಯುಸಿ ಅಂಕ ಎರಡನ್ನೂ ಸಮವಾಗಿ ಹಿಡಿದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ರ‍್ಯಾಂಕ್ ಕೊಡುತ್ತದೆ. ಕೆಸಿಇಟಿ ಬರೆದಿದ್ದೇವೆ, ಅಷ್ಟೇ ಸಾಕು ಎಂದುಕೊಂಡು ನಾಟಾ ಬಿಟ್ಟವರಿಗೆ ಆ ವರ್ಷ ಬಿ.ಆರ್ಕ್ ಸೀಟಿಲ್ಲ. ಡಿಪ್ಲೊಮಾ ಮಾಡಿದ ತಮ್ಮ ತಂಗಿಯರು ಮನೆಯಲ್ಲಿದ್ದರೆ ಅವರಿಗೊಂದು ಮಾತು: ಮೂರು ವರ್ಷದ ಡಿಪ್ಲೊಮಾದಿಂದ ಡಿಸಿಇಟಿ ಮೂಲಕ ಬಿಇ ಎರಡನೆಯ ವರ್ಷಕ್ಕೇ ಸೇರಬಹುದು, ಬಿ.ಆರ್ಕ್‌ಗೆ ಮಾತ್ರ ಮೊದಲ ವರ್ಷದಿಂದಲೇ ಓದಬೇಕು.

ಊರು ಬಿಟ್ಟು ದೂರ ಹೋಗಲೇಬೇಕೆಂದಿಲ್ಲ. ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಿಂದ ಇದೆ. ವಿಜಯಪುರದಲ್ಲಿ ಬಿಎಲ್‌ಡಿಇ ಸಂಸ್ಥೆಯ ಡಾ. ಪಿ.ಜಿ. ಹಳಕಟ್ಟಿ ಕಾಲೇಜಿದೆ, ಬೆಳಗಾವಿಯಲ್ಲಿ ಗೋಗಟೆ ತಾಂತ್ರಿಕ ಸಂಸ್ಥೆಯಲ್ಲಿ ಸಿವಿಲ್ ಜೊತೆಗೆ ಬಿ.ಆರ್ಕ್ ಕೂಡ ಇದೆ.

ಈಗ ಆ ಮೂರು ಕೆಲಸಗಳಿಗೆ ಬರೋಣ.

ಡೀಟೇಲ್: ನೀರು ಎಲ್ಲಿ ನಿಲ್ಲುತ್ತದೆ?

ಪ್ಲ್ಯಾನ್ ನೋಡಿದರೆ ಕೋಣೆ ಎಲ್ಲಿದೆ ಎಂದು ತಿಳಿಯುತ್ತದೆ. ಗೋಡೆ, ಸ್ಲ್ಯಾಬ್, ಪ್ಯಾರಾಪೆಟ್ ಮೂರೂ ಕೂಡುವ ಜಾಗದಲ್ಲಿ ಏನಾಗಬೇಕು ಅನ್ನುವುದು ಡೀಟೇಲ್‌ನಲ್ಲಿ ಮಾತ್ರ ಇರುತ್ತದೆ. ಒಂದು ಉದಾಹರಣೆ ನೋಡಿ. 7.5 ಮೀಟರ್ ಅಗಲದ ಮಾಳಿಗೆಯ ಮೇಲೆ ನೀರು ಒಂದೇ ಕಡೆ ಹರಿಯಬೇಕು, ಇಳಿಜಾರು ನೂರಕ್ಕೆ ಒಂದು ಎಂದಿಟ್ಟುಕೊಳ್ಳಿ. ಎತ್ತರದ ತುದಿಯಲ್ಲಿ 75 ಮಿ.ಮೀ. ಏರಬೇಕಾಯಿತು. ನೀರಿಳಿಯುವ ಪೈಪಿನ ಬಾಯಿಯ ಹತ್ತಿರ ಇಳಿಜಾರಿನ ಪದರಕ್ಕೆ ಕನಿಷ್ಠ 50 ಮಿ.ಮೀ. ದಪ್ಪ ಬಿಟ್ಟರೆ ಆ ತುದಿಯಲ್ಲಿ ಒಟ್ಟು 125 ಮಿ.ಮೀ. ಮೆಟ್ಟಿಲ ಕೋಣೆಯ ಬಾಗಿಲು ಅದೇ ತುದಿಯಲ್ಲಿದ್ದು, ಹೊಸ್ತಿಲನ್ನು ಸ್ಲ್ಯಾಬಿನಿಂದ 100 ಮಿ.ಮೀ. ಎತ್ತರದಲ್ಲಿ ಕೂಡಿಸಿದ್ದರೆ? ಮಾಳಿಗೆಯ ನೆಲವೇ ಹೊಸ್ತಿಲಿಗಿಂತ 25 ಮಿ.ಮೀ. ಮೇಲಾಯಿತು. ಖಾನಾಪುರ, ಬೆಳಗಾವಿ ಕಡೆಯ ಜೋರು ಮುಂಗಾರಿಗೆ ನೀರು ನೇರ ಮೆಟ್ಟಿಲಿಗೆ ಇಳಿಯುತ್ತದೆ. ಗೌಂಡಿ ಇಲ್ಲಿ ತಪ್ಪು ಮಾಡಿಲ್ಲ, ಕಾಗದದ ಮೇಲೆ ಯಾರೂ ಈ ಮೂರು ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿಲ್ಲ.

ಛಜ್ಜಾದ ಕೆಳಗಿನ ಅಂಚಿನಲ್ಲಿ ನೀರು ತೊಟ್ಟಿಕ್ಕಲೆಂದು ಕೊರೆಯುವ ಸಣ್ಣ ಗೀರೂ ಹಾಗೆಯೇ. ಅದಿಲ್ಲದಿದ್ದರೆ ನೀರು ತುದಿಯಲ್ಲಿ ತೊಟ್ಟಿಕ್ಕದೆ ಛಜ್ಜಾದ ತಳ ಹಿಡಿದು ಹಿಂದಕ್ಕೆ ಹರಿದು ಗೋಡೆ ಸೇರುತ್ತದೆ. ಕಿಟಕಿಯ ತಲೆಯ ಮೇಲೆ ಪ್ರತಿ ಮಳೆಗಾಲ ಹಸಿ ಕಾಣಿಸಿದರೆ ಮೊದಲು ನೋಡಬೇಕಾದ ಜಾಗ ಅದು.

ಮಣ್ಣು ಡೀಟೇಲನ್ನು ಬದಲಿಸುತ್ತದೆ. ಖಾನಾಪುರದ ಕೆಂಪು ಜಂಬಿಟ್ಟಿಗೆ ನೆಲದ ಪಾಯಾ ವಿಜಯಪುರ ಕಡೆಯ ಡೋಣಿ ಹೊಳೆ ದಂಡೆಯ ಎರಿ (ಕಪ್ಪು ಮಣ್ಣಿನ) ಭೂಮಿಗೆ ಹೊಂದುವುದಿಲ್ಲ. ಎರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಕಡಿಮೆ ಆಳದ ಪಾಯಾ ಹಾಕಿದರೆ ಭಾರ ಕಡಿಮೆಯಿರುವ ಕಂಪೌಂಡ್ ಗೋಡೆ, ನೆಲಹಾಸು ಮೊದಲು ಬಿರುಕು ಬಿಡುತ್ತವೆ, ಏಕೆಂದರೆ ಮಣ್ಣು ಮೇಲಕ್ಕೆ ತಳ್ಳುವಾಗ ಅದನ್ನು ಅದುಮಿ ಹಿಡಿಯುವ ತೂಕ ಅವಕ್ಕಿಲ್ಲ. ಇದಕ್ಕೆ ಅಂಡರ್ ರೀಮ್ಡ್ ಪೈಲ್ ಒಂದು ಪರಿಹಾರ: ಆಳವಾದ ಎರಿಯಲ್ಲಿ ಸುಮಾರು 3.5 ಮೀಟರ್ ಇಳಿದು, ತುದಿಯ ಬಳಿ ಕಂಬದ ವ್ಯಾಸದ ಎರಡೂವರೆ ಪಟ್ಟು ಅಗಲದ ಗಡ್ಡೆ ಮಾಡುವುದು. ತೇವ ಹೆಚ್ಚುಕಡಿಮೆಯಾಗದ ಆಳದಲ್ಲಿ ಆ ಗಡ್ಡೆ ಬೇರು ಬಿಟ್ಟಂತೆ ಹಿಡಿದುಕೊಳ್ಳುತ್ತದೆ. ಇನ್ನೊಂದು ಪರಿಹಾರ, ಉಬ್ಬದ ಜಿಗುಟು ಮಣ್ಣಿನ ಪದರವನ್ನು ಎರಿಯ ಮೇಲೆ ದಮ್ಮಸ್ ಮಾಡಿ ಕೂಡಿಸುವುದು. ಐಐಟಿ ಬಾಂಬೆಯ ಪ್ರೊ. ಆರ್.ಕೆ. ಕಟ್ಟಿ ಅವರ ಸಂಶೋಧನೆಯಿಂದ ಬಂದ ವಿಧಾನವಿದು. ಬಾಗಲಕೋಟೆ, ವಿಜಯಪುರದ ವಿದ್ಯಾರ್ಥಿಗಳಿಗೆ ಈ ಪಾಠ ಪರೀಕ್ಷೆಯ ಒಂದು ಪ್ರಶ್ನೆಯಾಗಿ ಮುಗಿಯಬಾರದು. ಕಾಲೇಜಿನ ಗೇಟು ದಾಟಿದರೆ ಸಿಗುವ ಮಣ್ಣೇ ಅದು.

ವಿಜಯಪುರದಲ್ಲಿ ಓದುವವರಿಗೆ ಇನ್ನೊಂದು ಭಾಗ್ಯವೂ ಇದೆ. 1656ರಲ್ಲಿ ಮುಗಿದ ಗೋಲಗುಮ್ಮಟದ ಒಳಗೆ ನಿಂತು, ಒಂದನ್ನೊಂದು ಹಾಯುವ ಎಂಟು ಕಮಾನುಗಳು ಚೌಕದ ಕೋಣೆಯನ್ನು ದುಂಡು ಗುಮ್ಮಟಕ್ಕೆ ಹೇಗೆ ತಲುಪಿಸುತ್ತವೆಂದು ಕೈಯಲ್ಲೇ ಸೆಕ್ಷನ್ (ಕಟ್ಟಡವನ್ನು ಸೀಳಿ ನೋಡಿದಂಥ ಚಿತ್ರ) ಬಿಡಿಸಿ. ಮೊದಲ ಸಲ ತಪ್ಪುತ್ತದೆ, ಮೂರನೆಯ ಸಲಕ್ಕೆ ಭಾರ ಇಳಿಯುವ ದಾರಿ ಕಣ್ಣಿಗೆ ಕಟ್ಟುತ್ತದೆ.

ಅಳತೆ: ಚೀಲ, ಬ್ರಾಸ್, ಸೂತ್

ಉದ್ಯೋಗಕ್ಕೆ ಎಲ್ಲಕ್ಕಿಂತ ಬೇಗ ಒದಗುವುದು ಇದೇ. 9 ಮೀಟರ್ ಉದ್ದ, 7.5 ಮೀಟರ್ ಅಗಲ, 125 ಮಿ.ಮೀ. ದಪ್ಪದ ಸ್ಲ್ಯಾಬ್ ತೆಗೆದುಕೊಳ್ಳಿ, ಬೀಮ್ ಲೆಕ್ಕ ಬೇರೆ ಇರಲಿ. ಕಾಂಕ್ರೀಟ್ 8.44 ಘನ ಮೀಟರ್. ಒಣ ಸಾಮಾನು ಕಲಸಿದ ಮೇಲೆ ಕುಗ್ಗುವುದರಿಂದ 1.54ರಿಂದ ಗುಣಿಸುತ್ತಾರೆ. ಸಿಮೆಂಟ್, ಉಸುಕು, ಖಡಿ 1:1.5:3 ಪ್ರಮಾಣಕ್ಕೆ ಒಂದು ಘನ ಮೀಟರಿಗೆ ಸಿಮೆಂಟ್ 8 ಚೀಲ, ಉಸುಕು 0.42, ಖಡಿ 0.84 ಘನ ಮೀಟರ್ ಬೀಳುತ್ತದೆ. ಅಂದರೆ ಈ ಸ್ಲ್ಯಾಬಿಗೆ 68 ಚೀಲ ಸಿಮೆಂಟ್, 1.25 ಬ್ರಾಸ್ ಉಸುಕು, 2.5 ಬ್ರಾಸ್ ಖಡಿ. ನಮ್ಮ ಕಡೆ ಗಾಡಿ ಬರುವುದು ಬ್ರಾಸ್ ಲೆಕ್ಕದಲ್ಲಿ, ಒಂದು ಬ್ರಾಸ್ ಎಂದರೆ ನೂರು ಘನ ಅಡಿ, 2.83 ಘನ ಮೀಟರ್. ಸರಳಿನ ದಪ್ಪವನ್ನೂ ಸೈಟಿನಲ್ಲಿ ಸೂತ್ ಎಂದೇ ಹೇಳುತ್ತಾರೆ: ಮೂರು ಸೂತ್ ಎಂದರೆ 10 ಮಿ.ಮೀ., ನಾಲ್ಕು ಸೂತ್ ಎಂದರೆ 12 ಮಿ.ಮೀ. ಪುಸ್ತಕದ ಮಿಲಿಮೀಟರನ್ನು ಗೌಂಡಿಯ ಸೂತ್‌ಗೆ ತಕ್ಷಣ ಬದಲಿಸಲು ಬಾರದ ಎಂಜಿನಿಯರ್‌ನ ಮಾತು ಸೈಟಿನಲ್ಲಿ ನಡೆಯುವುದಿಲ್ಲ.

ಈ ಲೆಕ್ಕ ಎಲ್ಲಿ ಕೆಡುತ್ತದೆ? ಹಸಿ ಉಸುಕಿನಲ್ಲಿ. ಐದಾರು ಶೇಕಡಾ ತೇವವಿರುವ ಉಸುಕು ಕಾಲು ಪಾಲು ಉಬ್ಬಿ ನಿಲ್ಲಬಲ್ಲದು. ಹಾಗೆ ಉಬ್ಬಿದ 1.25 ಬ್ರಾಸ್ ಒಳಗೆ ನಿಜವಾದ ಉಸುಕು ಒಂದೇ ಬ್ರಾಸ್. ಪರಿಣಾಮವಾಗಿ ಕಾಂಕ್ರೀಟಿನಲ್ಲಿ ಖಡಿ ಹೆಚ್ಚಾಗಿ, ಸೆಂಟ್ರಿಂಗ್ ಬಿಚ್ಚಿದಾಗ ಜೇನುಗೂಡಿನಂಥ ತೂತುಗಳು ಕಾಣುತ್ತವೆ. ಪರೀಕ್ಷೆಗೆ ಒಂದು ಗಾಜಿನ ಜಾಡಿ ಸಾಕು: 20 ಸೆಂ.ಮೀ. ಎತ್ತರಕ್ಕೆ ಹಸಿ ಉಸುಕು ತುಂಬಿ, ನೀರು ಸುರಿದು ಕಲಕಿ ಬಿಡಿ. 16ಕ್ಕೆ ಇಳಿದು ನಿಂತರೆ ಉಬ್ಬು ಶೇ. 25.

ಸರಳಿನ ತೂಕಕ್ಕೆ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ, ಮೀಟರಿಗೆ ಎಷ್ಟು ಕೆ.ಜಿ. ಎಂದು ಬರುತ್ತದೆ. 8 ಮಿ.ಮೀ. ಸರಳು ಮೀಟರಿಗೆ 0.395 ಕೆ.ಜಿ. ಅದೇ ಸ್ಲ್ಯಾಬಿನಲ್ಲಿ 150 ಮಿ.ಮೀ. ಅಂತರಕ್ಕೆ 7.5 ಮೀಟರ್ ಉದ್ದದ 61 ಸರಳು, ಸುಮಾರು 181 ಕೆ.ಜಿ. ಆದರೆ ಮಾರುಕಟ್ಟೆಯ ಸರಳು 12 ಮೀಟರಿನದು. 7.5 ಕತ್ತರಿಸಿದರೆ ಪ್ರತಿಯೊಂದರಲ್ಲೂ 4.5 ಮೀಟರ್ ತುಂಡು ಉಳಿಯುತ್ತದೆ. ಆ 61 ತುಂಡುಗಳು ಛಜ್ಜಾಕ್ಕೆ, ಸಣ್ಣ ಕೋಣೆಗೆ ಎಲ್ಲಿ ಹೋಗುತ್ತವೆಂದು ಮೊದಲೇ ಬರೆದಿಟ್ಟರೆ ಸಾಮಾನು ಉಳಿಯುತ್ತದೆ, ಇಲ್ಲದಿದ್ದರೆ ಗುಜರಿಗೆ ಹೋಗುತ್ತದೆ. ಕಟಿಂಗ್ ಶೆಡ್ಯೂಲ್ ಎನ್ನುವುದು ಇದಕ್ಕೇ. ಕ್ಲಾಸಿನಲ್ಲಿ ಇದನ್ನು ಅವಸರದಲ್ಲಿ ದಾಟಿಸುತ್ತಾರೆ, ನೀವು ದಾಟಬೇಡಿ.

ಬಿಲ್ಲಿಂಗ್ ಕಲಿಯುವವರು ಕಟ್ಟಡ ಕೆಲಸದ ಅಳತೆಗಿರುವ ಭಾರತೀಯ ಮಾನದಂಡ ಐಎಸ್ 1200 ಅನ್ನು ಓದಲೇಬೇಕು. ಗಿಲಾವಿನ ಲೆಕ್ಕದಲ್ಲಿ ಅರ್ಧ ಚದರ ಮೀಟರ್‌ವರೆಗಿನ ತೆರಪಿಗೆ ಏನೂ ಕಳೆಯುವಂತಿಲ್ಲ. ಅದಕ್ಕಿಂತ ದೊಡ್ಡದಾಗಿ 3 ಚದರ ಮೀಟರ್‌ವರೆಗೆ ಇದ್ದರೆ, ಗೋಡೆಯ ಎರಡೂ ಬದಿ ಒಂದೇ ಗಿಲಾವು ಇರುವಾಗ, ಒಂದೇ ಬದಿಯದನ್ನು ಕಳೆಯಬೇಕು, ಅಂಚಿನ ಗಿಲಾವು ಬೇರೆ ಸೇರಿಸಬಾರದು. 1.2 ಮೀಟರ್ ಚೌಕದ ಕಿಟಕಿಗೆ ಕಳೆಯಬೇಕಾದದ್ದು 1.44, ಅದರ ದುಪ್ಪಟ್ಟಲ್ಲ. ಹತ್ತು ಕಿಟಕಿಯ ಮನೆಯಲ್ಲಿ ಎರಡೂ ಬದಿ ಕಳೆದರೆ ಗೌಂಡಿಗೆ 14.4 ಚದರ ಮೀಟರ್ ಕೂಲಿ ಕಡಿಮೆ ಬೀಳುತ್ತದೆ. ಅಳತೆ ಪುಸ್ತಕದಲ್ಲಿ ಬರೆಯುವ ಒಂದು ಸಾಲಿನಲ್ಲಿ ದುಡಿದವರ ಅನ್ನವಿದೆ, ಅದಕ್ಕೇ ಇಷ್ಟು ವಿವರ.

ವೇಳೆ: ಯಾರು ಯಾರಿಗಾಗಿ ಕಾಯುತ್ತಾರೆ?

ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಎಂದೊಡನೆ ವಿದ್ಯಾರ್ಥಿಗಳು ಸಾಫ್ಟ್‌ವೇರ್ ಕಡೆ ಓಡುತ್ತಾರೆ. ಮೊದಲು ಬೇಕಾದದ್ದು ಸರದಿಯ ತಿಳಿವಳಿಕೆ. ಸ್ಲ್ಯಾಬಿನ ಕೆಳಗಿನ ಸರಳು ಹಾಸಿದ ಮೇಲೆ, ಮೇಲಿನ ಎಕ್ಸ್‌ಟ್ರಾ ಸರಳು ಕಟ್ಟುವ ಮುಂಚೆ ಎಲೆಕ್ಟ್ರಿಷಿಯನ್ ಬಂದು ಪೈಪು ಹಾಯಿಸಬೇಕು. ಅವರದು ಒಂದೇ ದಿನದ ಕೆಲಸ. ಆದರೆ ಆ ದಿನ ತಪ್ಪಿದರೆ ಸ್ಲ್ಯಾಬ್ ನಿಲ್ಲುತ್ತದೆ, ಮಿಕ್ಸರ್ ನಿಲ್ಲುತ್ತದೆ, ಸೆಂಟ್ರಿಂಗ್ ಬಾಡಿಗೆ ಏರುತ್ತದೆ. ಅದೇ ಕಿಟಕಿಯ ಗ್ರಿಲ್ ಹತ್ತು ದಿನ ತಡವಾದರೂ ಎಷ್ಟೋ ಸಲ ಯಾರ ಕೆಲಸವೂ ಕೆಡುವುದಿಲ್ಲ. ಮೊದಲನೆಯದು ಕ್ರಿಟಿಕಲ್ ಪಾತ್ (ತಡವಾದರೆ ಇಡೀ ಕೆಲಸವೇ ತಡವಾಗುವ ಸರದಿ) ಮೇಲಿದೆ, ಎರಡನೆಯದಕ್ಕೆ ಫ್ಲೋಟ್ (ತಡವಾಗಲು ಬಿಡುವು) ಇದೆ. ಕೆಲಸದ ದೊಡ್ಡಸ್ತಿಕೆಗೂ ಅದರ ತುರ್ತಿಗೂ ಸಂಬಂಧವಿಲ್ಲ ಎಂದು ಅರ್ಥವಾದರೆ ಅರ್ಧ ವಿಷಯ ಬಂದಂತೆ.

ಕೆಲವು ದಿನಗಳನ್ನು ಯಾರೂ ಕಡಿಮೆ ಮಾಡುವಂತಿಲ್ಲ. ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಸಾಮಾನ್ಯ ಓಪಿಸಿ ಸಿಮೆಂಟಿಗೆ ಕ್ಯೂರಿಂಗ್ (ನೀರುಣಿಸುವುದು) ಕನಿಷ್ಠ 7 ದಿನ, ಬಿಸಿಲು ಒಣಹವೆಯಲ್ಲಿ 10. ಅಂಗಡಿಯಲ್ಲಿ ಈಗ ಹೆಚ್ಚು ಸಿಗುವ ಪಿಪಿಸಿ (ಪೊಜೊಲಾನಾ ಬೆರೆಸಿದ ಸಿಮೆಂಟ್) ಆದರೆ 14 ದಿನಕ್ಕೆ ಒಯ್ಯುವುದು ಒಳ್ಳೆಯದು. ವಿಜಯಪುರದ ಏಪ್ರಿಲ್ ಬಿಸಿಲಿಗೆ 7 ದಿನ ಎಂದು ಬರೆದ ವೇಳಾಪಟ್ಟಿ ಬರೆದ ದಿನವೇ ತಪ್ಪು. ಸ್ಲ್ಯಾಬಿನ ಕೆಳಗಿನ ಆನಿಕೆ ಕಂಬಗಳು 4.5 ಮೀಟರ್‌ವರೆಗಿನ ಹರವಿಗೆ 7 ದಿನ, ಅದಕ್ಕಿಂತ ಹೆಚ್ಚಿಗೆ 14 ದಿನ ಇರಬೇಕು. ಇದೂ ಓಪಿಸಿಯ ಲೆಕ್ಕ, ಪಿಪಿಸಿಗೆ ಇನ್ನಷ್ಟು ಬಿಡಬೇಕು. ಕಾಂಕ್ರೀಟಿನ ಗಟ್ಟಿತನದ ಪರೀಕ್ಷೆಗೆ ನಮ್ಮ 8.44 ಘನ ಮೀಟರ್ ಸ್ಲ್ಯಾಬಿಗೆ ಎರಡು ಸ್ಯಾಂಪಲ್, ಒಟ್ಟು ಆರು ಕ್ಯೂಬ್ ತೆಗೆದಿಡಬೇಕು.

ನಾಲ್ಕು ವರ್ಷದಲ್ಲಿ ಇದನ್ನೆಲ್ಲ ಒಗ್ಗೂಡಿಸಲು ಒಂದು ಉಪಾಯವಿದೆ. ಎರಡನೆಯ ವರ್ಷದಲ್ಲಿ ನಿಮ್ಮ ಓಣಿಯಲ್ಲಿ ಪಾಯಾ ತೋಡುತ್ತಿರುವ ಒಂದು ಮನೆ ಹಿಡಿಯಿರಿ, ಯಜಮಾನರ ಒಪ್ಪಿಗೆ ಕೇಳಿ. ವಾರಕ್ಕೊಮ್ಮೆ ಟೇಪು ಹಿಡಿದು ಹೋಗಿ ಅಳೆಯಿರಿ. ಸಾಮಾನಿನ ಲೆಕ್ಕವನ್ನು ಎಕ್ಸೆಲ್‌ನಲ್ಲಿ ನೀವೇ ಮಾಡಿ, ಬಂದ ಗಾಡಿಗಳ ಲೆಕ್ಕಕ್ಕೆ ಹೋಲಿಸಿ. ಆಟೋಕ್ಯಾಡ್‌ನಲ್ಲಿ ಗೋಡೆಯ ಸೆಕ್ಷನ್ ಬಿಡಿಸಿ. ಕಟ್ಟಡದ ಮಾಡೆಲ್ ಮಾಡುವ ರೆವಿಟ್, ವೇಳಾಪಟ್ಟಿ ಮಾಡುವ ಪ್ರೈಮಾವೆರಾ ಆಮೇಲೆ. ಅಳತೆ ಗೊತ್ತಿಲ್ಲದೆ ಮಾಡೆಲ್ ಮಾಡಿದರೆ ಸುಳ್ಳು ಅಂಕಿ ಅಚ್ಚುಕಟ್ಟಾಗಿ ಕಾಣುತ್ತದೆ, ಅಷ್ಟೇ. ಬಿಇ ನಂತರ ಬೇಕೆಂದರೆ ಪಿಜಿಸಿಇಟಿ ಅಥವಾ ಗೇಟ್ ಬರೆದು ಕನ್‌ಸ್ಟ್ರಕ್ಷನ್ ಟೆಕ್ನಾಲಜಿಯಲ್ಲಿ ಎಂ.ಟೆಕ್ ಮಾಡಬಹುದು, ಪುಣೆಯ ನಿಕ್ಮಾರ್‌ನಂಥ ಸಂಸ್ಥೆಯಲ್ಲಿ ಮ್ಯಾನೇಜ್‌ಮೆಂಟ್ ಓದಬಹುದು.

ಇಂಗ್ಲೆಂಡಿನ ಪದವಿಯ ಬಗ್ಗೆ ಎಚ್ಚರಿಕೆಯಿಂದ ಯೋಚಿಸಿ. ಅಲ್ಲಿ ಆರ್ಕಿಟೆಕ್ಚರಲ್ ಟೆಕ್ನಾಲಜಿಸ್ಟ್ ಎಂಬುದೇ ಒಂದು ವೃತ್ತಿ, ಅದಕ್ಕೆ ಸಿಐಎಟಿ ಎಂಬ ಸಂಸ್ಥೆಯ ಮಾನ್ಯತೆಯಿದೆ. ಆದರೆ ನಮ್ಮ 1972ರ ಆರ್ಕಿಟೆಕ್ಟ್ಸ್ ಕಾಯಿದೆಯಡಿ ನೋಂದಾಯಿಸಿಕೊಂಡವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು, ಆ ನೋಂದಣಿ ಟೆಕ್ನಾಲಜಿ ಪದವಿಯಿಂದ ಸಿಗುವುದಿಲ್ಲ. ಮುಂದೆ ಸ್ವಂತ ಹೆಸರಿನಲ್ಲಿ ಆರ್ಕಿಟೆಕ್ಟ್ ಕಚೇರಿ ತೆರೆಯುವ ಆಸೆ ಒಳಗೊಳಗೇ ಇದ್ದರೆ ಈಗಲೇ ಹೇಳಿಕೊಳ್ಳಿ, ಆಗ ನನ್ನ ಉತ್ತರ ಬಿ.ಆರ್ಕ್.

ಸೀಟು ಹಿಡಿಯುವ ಮುಂಚೆ ಕಾಲೇಜಿಗೊಮ್ಮೆ ಅಪ್ಪ ಅಮ್ಮನ ಜೊತೆ ಹೋಗಿ ಬನ್ನಿ. ಕಾಂಕ್ರೀಟ್ ಲ್ಯಾಬಿನಲ್ಲಿ ಕ್ಯೂಬ್ ಒಡೆಯುವ ಯಂತ್ರದ ಮೇಲೆ ಕ್ಯಾಲಿಬ್ರೇಷನ್ ದಿನಾಂಕ ಇದೆಯೇ ನೋಡಿ. ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬರು ಸಿಕ್ಕರೆ, ಅವರು ತಾವೇ ಮಾಡಿದ ಒಂದು ಎಸ್ಟಿಮೇಟ್ ಮತ್ತು ಒಂದು ಗೋಡೆಯ ಸೆಕ್ಷನ್ ತೋರಿಸಲು ಕೇಳಿ. ತೆರೆದು ಐದು ನಿಮಿಷ ವಿವರಿಸಿದರೆ ಆ ಕಾಲೇಜಿಗೆ ಸೇರಿ.