ವೆಬ್‌ಸೈಟ್ ಬೇಕಾ ಅಂತ ಕೇಳಿದರೆ ಬೇಡ ಅಂತಲೇ ಹೇಳುತ್ತಾರೆ

ಪ್ರಶ್ನೆ: ನನಗೆ ವೆಬ್‌ಸೈಟ್ ಮಾಡೋಕೆ ಬರುತ್ತದೆ. ಅಕ್ಕಪಕ್ಕದ ಗ್ಯಾರೇಜ್, ಕ್ಲಿನಿಕ್, ಟೈಲರ್ ಅಂಗಡಿಗಳಿಗೆ ಮಾಡಿಕೊಡೋಣ ಅಂತ ಹೋದರೆ ನನ್ನ ಮಾತು ಮುಗಿಯೋ ಮೊದಲೇ 'ಬೇಡ' ಅಂತಾರೆ. ಹೇಗೆ ಕೇಳಬೇಕು?

'ವೆಬ್‌ಸೈಟ್ ಮಾಡಿಸ್ತೀರಾ ಸಾರ್?' ಅಂತ ಕೇಳಿರುತ್ತೀರಿ, ಅಲ್ವಾ? ನಾನೂ ಶುರುವಿನಲ್ಲಿ ಹಾಗೇ ಕೇಳುತ್ತಿದ್ದೆ. ವೆಬ್‌ಸೈಟ್ ಇಲ್ಲದೆಯೇ ಇಷ್ಟು ವರ್ಷ ಅಂಗಡಿ ನಡೆಸಿದವರು ಅವರು. ಅದು ಇಲ್ಲ ಅನ್ನೋದು ಅವರಿಗೆ ಕೊರತೆ ಅಂತ ಅನ್ನಿಸಿಯೇ ಇಲ್ಲ. ಅವರಿಗೆ ತಲೆಬಿಸಿ ಆಗೋದು ಬೇರೆ ವಿಷಯಕ್ಕೆ: ಗಿರಾಕಿ ದಾರಿ ಸಿಗದೆ ವಾಪಸ್ ಹೋದ, ಫೋನ್ ಹಳೇ ನಂಬರಿಗೆ ಹೋಗುತ್ತಿದೆ, ಬಾಗಿಲು ತೆರೆದಿದ್ದರೂ ಮ್ಯಾಪ್‌ನಲ್ಲಿ 'ಮುಚ್ಚಿದೆ' ಅಂತ ತೋರಿಸುತ್ತಿದೆ. ಮಾತು ಅಲ್ಲಿಂದ ಶುರುವಾಗಬೇಕು.

ಹಾಗಾಗಿ ಹೋಗುವ ಮುಂಚೆ ಹತ್ತು ನಿಮಿಷ ಹುಡುಕಿ. ಅಂಗಡಿ ಹೆಸರು ಹಾಕಿ ನೋಡಿ, ಆಮೇಲೆ ಹೆಸರೇ ಗೊತ್ತಿಲ್ಲದವರು ಹುಡುಕುವ ಹಾಗೆ 'ಹತ್ತಿರದ ಗ್ಯಾರೇಜ್' ಅಂತಲೂ ನೋಡಿ. ಗೂಗಲ್ ಮ್ಯಾಪ್ಸ್‌ನಲ್ಲಿ ಅಂಗಡಿಯ ಸಮಯ, ನಂಬರ್ ಬದಲಿಸಿ ಅಂತ ಯಾರು ಬೇಕಾದರೂ ಸೂಚಿಸಬಹುದು. ಮಾಲೀಕರಿಗೆ ಸುಳಿವೇ ಇಲ್ಲದೆ ತಪ್ಪು ಮಾಹಿತಿ ಸೇರಿಕೊಳ್ಳೋದು ಹೀಗೂ ಇದೆ. ವಿಸಿಟಿಂಗ್ ಕಾರ್ಡ್ ಸಿಕ್ಕರೆ ಅದನ್ನೂ ಗಮನಿಸಿ. ಗೂಗಲ್‌ನಲ್ಲಿ ಅಂಗಡಿಯ ಹೆಸರು, ನಂಬರ್, ಸಮಯ ತೋರಿಸುವ ಪುಟಕ್ಕೆ ಬಿಸಿನೆಸ್ ಪ್ರೊಫೈಲ್ ಅನ್ನುತ್ತಾರೆ. ಅದರ ಜೊತೆ ಪುಕ್ಕಟೆ ಸಿಗುತ್ತಿದ್ದ ವೆಬ್‌ಸೈಟ್‌ಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಮುಚ್ಚಿಬಿಟ್ಟಿತು. ಕಾರ್ಡಿನ ವಿಳಾಸ 'ಬಿಸಿನೆಸ್ ಡಾಟ್ ಸೈಟ್' ಅಂತ ಮುಗಿದಿದ್ದರೆ ಅದು ಈಗ ತೆರೆಯುವುದಿಲ್ಲ. ಕಾರ್ಡ್ ಮಾತ್ರ ಇನ್ನೂ ಹಂಚುತ್ತಲೇ ಇರುತ್ತಾರೆ!

ಗಿರಾಕಿಗಳ ಗಲಾಟೆ ಇಲ್ಲದ ಹೊತ್ತಿಗೆ ಹೋಗಿ. ಲ್ಯಾಪ್‌ಟಾಪ್ ತೆಗೆಯಬೇಡಿ. 'ನಿಮ್ಮ ನಂಬರ್ ಗೂಗಲ್‌ನಲ್ಲಿ ತಪ್ಪಿದೆ, ಒಮ್ಮೆ ನಿಮ್ಮ ಫೋನಲ್ಲೇ ನೋಡಿ' ಅನ್ನಿ, ಅಷ್ಟೇ. ತಮ್ಮ ಕೈಯಲ್ಲಿರುವ ಫೋನಲ್ಲಿ ಕಂಡ ತಪ್ಪನ್ನು ಯಾರೂ ಅಲ್ಲಗಳೆಯುವುದಿಲ್ಲ.

ಆದರೆ ಇಲ್ಲೊಂದು ತಮಾಷೆ ಇದೆ, ನಾನು ಇದರಲ್ಲಿ ಸಿಕ್ಕಿಬಿದ್ದು ಮುಖ ಸಪ್ಪೆ ಮಾಡಿಕೊಂಡು ಬಂದಿದ್ದೇನೆ. 'ಹತ್ತಿರದ ಗ್ಯಾರೇಜ್' ಅಂತ ಹುಡುಕಿ ಅಂದರೆ ಅವರು ತಮ್ಮ ಅಂಗಡಿಯೊಳಗೇ ಕೂತು ಹುಡುಕುತ್ತಾರೆ, ಅವರ ಹೆಸರೇ ಮೊದಲು ಬರುತ್ತದೆ, 'ನೋಡಿ, ನಾವೇ ಫಸ್ಟು' ಅಂತ ನಗುತ್ತಾರೆ. ಸ್ಥಳೀಯ ಹುಡುಕಾಟದಲ್ಲಿ ಗೂಗಲ್ ನೋಡೋದು ಮುಖ್ಯವಾಗಿ ಮೂರು: ಹುಡುಕಿದ್ದಕ್ಕೂ ಅಂಗಡಿಗೂ ಎಷ್ಟು ಹೊಂದಿಕೆ ಇದೆ, ಎಷ್ಟು ದೂರ ಇದೆ, ಎಷ್ಟು ಹೆಸರುವಾಸಿ. ಅಂಗಡಿಯೊಳಗೇ ಕೂತಾಗ ದೂರ ಸೊನ್ನೆ! ಎರಡು ಕಿಲೋಮೀಟರ್ ಆಚೆ ನಿಂತು ಹುಡುಕಿದ ಸ್ಕ್ರೀನ್‌ಶಾಟ್ ನಿಮ್ಮ ಹತ್ತಿರ ಇದ್ದರೆ ಮಾತು ಮುಂದುವರಿಯುತ್ತದೆ. ಹಾಗಂತ 'ಮೊದಲನೇ ಜಾಗಕ್ಕೆ ತರ್ತೀನಿ' ಅಂತ ಮಾತ್ರ ಮಾತು ಕೊಡಬೇಡಿ. ದುಡ್ಡು ಕೊಟ್ಟು ಆ ಜಾಗ ಮೇಲೇರಿಸಿಕೊಳ್ಳಲು ಆಗುವುದಿಲ್ಲ ಅಂತ ಗೂಗಲ್ಲೇ ಹೇಳುತ್ತದೆ. ಜಾಹೀರಾತಿನ ಲೆಕ್ಕ ಬೇರೆ. ಗಿರಾಕಿಗೆ ಡಿಸ್ಕೌಂಟ್ ಕೊಟ್ಟು ರಿವ್ಯೂ ಬರೆಸೋದೂ ಅವರ ನಿಯಮಕ್ಕೆ ವಿರುದ್ಧ.

'ವಾಟ್ಸಾಪ್ ಇದೆ, ಸಾಕು' ಅಂದರೆ ವಾದಕ್ಕಿಳಿಯಬೇಡಿ. ಎಷ್ಟೋ ಸಲ ಅವರು ಹೇಳೋದೇ ಸರಿ. ಕೈತುಂಬಾ ಕೆಲಸ ಇರೋ ಪ್ಲಂಬರ್‌ಗೆ ವೆಬ್‌ಸೈಟ್ ಯಾಕೆ? ವಾಟ್ಸಾಪ್ ಬಿಸಿನೆಸ್‌ನಲ್ಲಿ ಕ್ಯಾಟಲಾಗ್, ಕೆಲಸದ ಸಮಯ, ತಾನಾಗೇ ಹೋಗುವ ಉತ್ತರ ಎಲ್ಲ ಇದೆ, ಅದನ್ನೇ ಸರಿಯಾಗಿ ಹಾಕಿಕೊಟ್ಟು ಅದಕ್ಕೊಂದಿಷ್ಟು ತಗೊಳ್ಳಿ. ಪೂರ್ತಿ ಅದೊಂದನ್ನೇ ನೆಚ್ಚಿಕೊಂಡವರಿಗೆ ಮಾತ್ರ 2021ರ ಅಕ್ಟೋಬರ್ 4ರ ವಿಷಯ ನೆನಪಿಸಬಹುದು. ಅವತ್ತು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಒಟ್ಟಿಗೆ ಸುಮಾರು 6 ತಾಸು ಕೆಟ್ಟು ನಿಂತಿದ್ದವು.

ಎಲ್ಲಕ್ಕಿಂತ ಕಷ್ಟದ ಉತ್ತರ ಇದು: 'ಹಿಂದೆ ಒಬ್ಬ ಮಾಡಿಕೊಟ್ಟಿದ್ದ, ಆಮೇಲೆ ಫೋನೇ ಎತ್ತಲಿಲ್ಲ.' ಈ ಮಾತು ಬಂದರೆ ಒಳ್ಳೆಯದೇ ಅಂದುಕೊಳ್ಳಿ, ಯಾಕೆಂದರೆ ಒಂದು ಕಾಲದಲ್ಲಿ ಅವರಿಗೂ ಇದು ಬೇಕು ಅನ್ನಿಸಿತ್ತು. ಸಾಮಾನ್ಯವಾಗಿ ಆಗಿರೋದೇನು ಅಂದರೆ, ಡೊಮೇನ್, ಅಂದರೆ ವೆಬ್‌ಸೈಟಿನ ವಿಳಾಸ, ಆ ಹುಡುಗನ ಹೆಸರಲ್ಲಿದೆ, ಪಾಸ್‌ವರ್ಡ್ ಅವನ ಹತ್ತಿರ, ಅವಧಿ ಮುಗಿದಾಗ ನೆನಪಿಸುವ ಮೇಲ್ ಹೋಗಿದ್ದೂ ಅವನಿಗೇ. ಡಾಟ್ ಕಾಂ ಹೆಸರು ಅವಧಿ ಮುಗಿದು ಅಳಿಸಿಹೋದ ಮೇಲೂ 30 ದಿನದೊಳಗೆ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು, ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು. ನೀವು ಮಾಡುವುದಾದರೆ ಡೊಮೇನ್ ಮಾಲೀಕರ ಹೆಸರಲ್ಲಿ, ಅವರದೇ ಇಮೇಲ್‌ಗೆ ಇರಲಿ. ಗೂಗಲ್ ಪ್ರೊಫೈಲ್‌ನಲ್ಲಿ ಓನರ್ ಅವರು, ನೀವು ಮ್ಯಾನೇಜರ್. ಪಾಸ್‌ವರ್ಡ್‌ಗಳನ್ನು ಅವರ ಲೆಕ್ಕದ ಪುಸ್ತಕದಲ್ಲೇ ಬರೆದುಕೊಡಿ. ಅವರನ್ನು ಕೇಳದೆ ಪ್ರೊಫೈಲ್ ಕ್ಲೇಮ್ ಮಾಡಲು, ಅಂದರೆ ಅದು ನಮ್ಮದು ಅಂತ ಗೂಗಲ್‌ಗೆ ಹೇಳಿಕೊಳ್ಳಲು, ಹೋಗಬೇಡಿ. ಈಗ ಪರಿಶೀಲನೆಗೆ ಗೂಗಲ್ ಬಹಳ ಸಲ ವೀಡಿಯೊ ಕೇಳುತ್ತದೆ. ಬೋರ್ಡು, ಸುತ್ತಲಿನ ರಸ್ತೆ, ಮಾಲೀಕರು ಬೀಗ ತೆಗೆಯೋದು ಎಲ್ಲ ಕಾಣಬೇಕು, ಅವರಿಲ್ಲದೆ ಅದು ಆಗುವ ಕೆಲಸವೇ ಅಲ್ಲ.

ಪುಕ್ಕಟೆ ಮಾಡಿಕೊಡಬೇಕಾ ಅಂತಲೂ ನಿಮ್ಮಂಥವರು ನನ್ನನ್ನು ಕೇಳುತ್ತಿರುತ್ತಾರೆ. ಆ ತಪ್ಪು ನಂಬರ್ ಸರಿಮಾಡೋದಕ್ಕೆ ದುಡ್ಡು ಬೇಡ, ಎದುರಿಗೇ ಕೂತು ಮಾಡಿಕೊಡಿ. ಪೂರ್ತಿ ವೆಬ್‌ಸೈಟ್ ಮಾತ್ರ ಪುಕ್ಕಟೆ ಬೇಡ. ನಾನು ಹಾಗೆ ಒಂದು ಒಪ್ಪಿಕೊಂಡು ಮೂರು ತಿಂಗಳು ನಾಲ್ಕು ಫೋಟೊಗೆ ಅಲೆದೆ, ಕೊನೆಗೂ ಎರಡೇ ಬಂದವು. ದುಡ್ಡು ಕೊಟ್ಟವರು ಅವರಾಗೇ ಫೋನ್ ಮಾಡಿ 'ಫೋಟೊ ಕಳಿಸಿದ್ದೀನಿ, ಸಿಕ್ತಾ?' ಅಂತ ಕೇಳುತ್ತಾರೆ.