ಪುಟ್ಟ ವಾಲ್ವ್ ಆಂಪ್ಲಿಫೈಯರಿಗೆ ಅಗ್ಗದ ಪವರ್ ಟ್ರಾನ್ಸ್‌ಫಾರ್ಮರ್

ವಾಲ್ವ್ (ಹಳೇ ರೇಡಿಯೋಗಳಲ್ಲಿದ್ದ ಗಾಜಿನ ನಿರ್ವಾತ ಕೊಳವೆ) ಆಂಪ್ಲಿಫೈಯರ್ ಕಟ್ಟುವಾಗ ಜಾಸ್ತಿ ದುಡ್ಡು ಹೋಗುವುದು ಕಬ್ಬಿಣಕ್ಕೆ, ಅಂದರೆ ಟ್ರಾನ್ಸ್‌ಫಾರ್ಮರುಗಳಿಗೆ. ಕೆನಡಾದ ಹ್ಯಾಮಂಡ್ ಟ್ರಾನ್ಸ್‌ಫಾರ್ಮರ್ ತರಿಸೋಣ ಅಂದರೆ ತೂಕಕ್ಕೆ ತಕ್ಕ ಸಾಗಣೆ ಖರ್ಚು ಬೇರೆ. ಆದರೆ ಎರಡು ಮೂರು ವ್ಯಾಟಿನ ಆಂಪ್ಲಿಫೈಯರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವಂಥ 12 ವೋಲ್ಟಿನ ಮಾಮೂಲಿ ಟ್ರಾನ್ಸ್‌ಫಾರ್ಮರ್ ಎರಡಿದ್ದರೆ ಸಾಕು. ಅಂಗಡಿಗೆ ಹೋಗುವ ಮುಂಚೆ ಲೆಕ್ಕ ಹಾಕಿಕೊಳ್ಳಬೇಕು, ಅಷ್ಟೇ.

ಎಷ್ಟು ಕರೆಂಟ್ ಬೇಕು?

ಎರಡು ಇಸಿಎಲ್82 ವಾಲ್ವ್‌ಗಳ ಸ್ಟೀರಿಯೋ ತಗೊಳ್ಳೋಣ. ಒಂದೇ ಗಾಜಿನೊಳಗೆ ಸಣ್ಣ ಸಿಗ್ನಲ್ ಹಿಗ್ಗಿಸುವ ಟ್ರಯೋಡ್, ಸ್ಪೀಕರಿಗೆ ಪವರ್ ಕೊಡುವ ಪೆಂಟೋಡ್ ಎರಡೂ ಇರುತ್ತವೆ. 200 ವೋಲ್ಟಿನಲ್ಲಿ ಪೆಂಟೋಡ್ ಪ್ಲೇಟಿಗೆ 35, ಸ್ಕ್ರೀನಿಗೆ 7 ಮಿಲಿಆಂಪ್. ಎರಡು ವಾಲ್ವಿಗೆ, ಟ್ರಯೋಡ್ ಸೇರಿಸಿ, ಸುಮಾರು 90 ಮಿಲಿಆಂಪ್ ಡಿಸಿ. ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡು) ಆದ ಮೇಲೆ ಕೆಪಾಸಿಟರ್ ಇದ್ದರೆ ಟ್ರಾನ್ಸ್‌ಫಾರ್ಮರ್ ಮೇಲೆ ಬೀಳುವ ಎಸಿ ಹೊರೆ ಇದರ 1.8 ಪಟ್ಟು, ಅಂದರೆ 160 ಮಿಲಿಆಂಪ್. ಹೊಸಬರು ಈ 1.8 ಮರೆತೇಬಿಡುತ್ತಾರೆ. ಆಮೇಲೆ ಟ್ರಾನ್ಸ್‌ಫಾರ್ಮರ್ ಯಾಕೆ ಇಷ್ಟು ಬಿಸಿ ಅಂತ ತಲೆ ಕೆರೆದುಕೊಳ್ಳುತ್ತಾರೆ.

ವಾಲ್ವನ್ನು ಒಳಗಿಂದ ಕಾಯಿಸುವ ಹೀಟರಿಗೆ ತಲಾ 6.3 ವೋಲ್ಟ್, 0.78 ಆಂಪ್. ಎರಡನ್ನೂ ಸೀರೀಸ್‌ನಲ್ಲಿ ಕೊಟ್ಟರೆ 12.6 ವೋಲ್ಟ್. 12 ಕೊಟ್ಟರೆ ಶೇ. 5ರಷ್ಟು ಕಡಿಮೆ, ವಾಲ್ವಿಗೆ ಏನೂ ಆಗುವುದಿಲ್ಲ.

ಬೆನ್ನಿಗೆ ಬೆನ್ನು

ಮೊದಲನೆಯದು 230ರಿಂದ 12ಕ್ಕೆ ಇಳಿಸುತ್ತದೆ: 5 ಆಂಪಿನದು. ಎರಡನೆಯದನ್ನು ತಿರುಗಿಸಿ ಹಾಕಿ, ಅದು 12ನ್ನು ಮತ್ತೆ ಮೇಲಕ್ಕೆ ಏರಿಸುತ್ತದೆ: 3 ಆಂಪಿಗಿಂತ ಕಡಿಮೆ ಬೇಡ. ನಡುವಿನ 12 ವೋಲ್ಟಿನಿಂದಲೇ ಹೀಟರ್ ಉರಿಯುತ್ತದೆ. ಎರಡು ಹೀಟರ್ ಸೇರುವ ಜಾಗವನ್ನು ಗ್ರೌಂಡ್ ಮಾಡಿದರೆ ಗುಂಯ್ ಸದ್ದು ಕಡಿಮೆ. ಅಂಗಡಿಯಲ್ಲಿ 0-12 ಅಂತಲೇ ಕೇಳಿ. 12-0-12 ಕೊಟ್ಟರೆ ತುದಿಯಿಂದ ತುದಿಗೆ 24 ಬರುತ್ತದೆ.

ಆ ಕಡೆ 230 ಬರಬೇಕಲ್ವಾ? ಬರುವುದಿಲ್ಲ. 12 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಸುತ್ತುವವರು, ಲೋಡ್ ಹಾಕಿದಾಗ ವೋಲ್ಟೇಜ್ ಕುಸಿಯುತ್ತದೆ ಅಂತ ಸೆಕೆಂಡರಿಗೆ ಕೆಲವು ಸುತ್ತು ಜಾಸ್ತಿ ಹಾಕಿರುತ್ತಾರೆ. ಲೋಡ್ ಇಲ್ಲದಾಗ 13.2 ಕೊಡುವ ಟ್ರಾನ್ಸ್‌ಫಾರ್ಮರಿನ ನಿಜವಾದ ಅನುಪಾತ 17.4. ಅದನ್ನೇ ತಿರುಗಿಸಿ 12 ಕೊಟ್ಟರೆ 209. ಲೋಡ್ ಬಿದ್ದ ಮೇಲೆ 190ರ ಆಸುಪಾಸು. ನಮಗೆ ಇದು ಅನುಕೂಲವೇ. ಬ್ರಿಡ್ಜ್ ದಾಟಿ ಸುಮಾರು 260 ಡಿಸಿ, ಮುಂದೆ 330 ಓಮಿನ 10 ವ್ಯಾಟ್ ರೆಸಿಸ್ಟರ್ 30 ವೋಲ್ಟ್ ತಿನ್ನುತ್ತದೆ. ಉಳಿದ 230ರಲ್ಲಿ ಕ್ಯಾಥೋಡ್ ರೆಸಿಸ್ಟರು, ಔಟ್‌ಪುಟ್ ಟ್ರಾನ್ಸ್‌ಫಾರ್ಮರು ತಮ್ಮ ಪಾಲು ತೆಗೆದುಕೊಂಡರೆ ವಾಲ್ವಿಗೆ 200ರ ಹತ್ತಿರ ಸಿಗುತ್ತದೆ.

ಆದರೆ ಸ್ವಿಚ್ ಒತ್ತಿದ ಹೊಸದರಲ್ಲಿ ವಾಲ್ವ್ ತಣ್ಣಗಿರುತ್ತದೆ, ಪ್ಲೇಟ್ ಕರೆಂಟ್ ಇರುವುದಿಲ್ಲ. ಆಗ ವೋಲ್ಟೇಜ್ 300 ಮುಟ್ಟಬಹುದು, ಇನ್ನೂ ಮೇಲೂ ಹೋಗಬಹುದು. ಹಾಗಾಗಿ ಕೆಪಾಸಿಟರ್ 450 ವೋಲ್ಟಿನದೇ ಇರಲಿ. ಅದಕ್ಕೆ ಅಡ್ಡಲಾಗಿ 220 ಕಿಲೋಓಮಿನ 2 ವ್ಯಾಟ್ ರೆಸಿಸ್ಟರ್ ಹಾಕಿ. 100 ಮೈಕ್ರೋಫ್ಯಾರಡ್ ಬರಿದಾಗಲು ಎರಡು ನಿಮಿಷ ಬೇಕು. ಮೀಟರಿನಲ್ಲಿ ನೋಡದೆ ಒಳಗೆ ಕೈ ಹಾಕಬೇಡಿ.

ಮೈಕ್ರೋವೇವ್ ಓವನ್ನಿನ ಟ್ರಾನ್ಸ್‌ಫಾರ್ಮರ್ ಮಾತ್ರ ಬೇಡವೇ ಬೇಡ, ಜೀವ ತೆಗೆಯುತ್ತದೆ. 230ರಿಂದ 110 ಮಾಡುವ ಡಬ್ಬಿಗಳಲ್ಲಿ ಎಷ್ಟೋ ಆಟೋ ಟ್ರಾನ್ಸ್‌ಫಾರ್ಮರುಗಳೇ, ಮೇನ್ಸ್‌ನಿಂದ ಬೇರ್ಪಡಿಸುವುದಿಲ್ಲ.

ಗುಜರಿ ರೇಡಿಯೋ, ಇಲ್ಲವೇ ಹೊಸದಾಗಿ ಸುತ್ತಿಸುವುದು

ಹಳೇ ವಾಲ್ವ್ ರೇಡಿಯೋದ ಟ್ರಾನ್ಸ್‌ಫಾರ್ಮರ್ ಸಿಕ್ಕರೆ ಅದೃಷ್ಟ, ಆದರೆ ಒಂದು ವಾಲ್ವಿನ ಮೋನೋಗೆ ಇಟ್ಟುಕೊಳ್ಳುವುದು ಮೇಲು. ಸೆಕೆಂಡರಿ ತಂತಿಗಳನ್ನೆಲ್ಲ ಬಿಚ್ಚಿ, ಪ್ರೈಮರಿಗೆ 40 ವ್ಯಾಟಿನ ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿ ಹಾಕಿ ಮೇನ್ಸ್ ಕೊಡಿ. ಬಲ್ಬ್ ಒಮ್ಮೆ ಮಿಂಚಿ ಆರಿದರೆ ಒಳ್ಳೆಯ ಲಕ್ಷಣ. ಜೋರಾಗಿ ಉರಿಯುತ್ತಲೇ ಇದ್ದರೆ ಒಳಗೆ ಸುತ್ತು ಶಾರ್ಟ್ ಆಗಿದೆ, ತಾಮ್ರದ ಬೆಲೆಗೆ ಮಾರಿ.

ವೈಂಡಿಂಗ್ ಮಾಡುವವರಿದ್ದರೆ ಚೀಟಿಯಲ್ಲಿ ಹೀಗೆ ಬರೆದುಕೊಡಿ: ಪ್ರೈಮರಿ 0-230-250, ಸೆಕೆಂಡರಿ 0-190 ವೋಲ್ಟ್ 200 ಮಿಲಿಆಂಪ್, ಇನ್ನೊಂದು 6.3 ವೋಲ್ಟ್ 2 ಆಂಪ್ (ಇಲ್ಲಿ ಎರಡು ಹೀಟರ್ ಪ್ಯಾರಲಲ್‌ನಲ್ಲಿ), ನಡುವೆ ತಾಮ್ರದ ಹಾಳೆಯ ಶೀಲ್ಡ್. ಆ 250ರ ಟ್ಯಾಪ್ ಬಿಡಬೇಡಿ. ಮನೆಯ ಕರೆಂಟ್ 245ಕ್ಕೆ ಏರುವ ಕಡೆ ಅದಕ್ಕೇ ಜೋಡಿಸಿದರೆ ಕಬ್ಬಿಣ ತಣ್ಣಗೂ ಇರುತ್ತದೆ, ಸುಮ್ಮನೂ ಇರುತ್ತದೆ.